ಭಂಗಾರ

ಗಾಡಿ ಚೀರಾಕ ಹತ್ತಿ ಮೂರು ವಾರ ಆಗಿತ್ತು.
ಮೊದಮೊದಲು ಮುಂಜಾನೆ ಅಷ್ಟ,
ಕಾತ್ರಜ್ ಕೆರಿ ಕಡೆಯ ಇಬ್ಬನಿ ಗಾಲಿ ಮ್ಯಾಲ ಕುಂತಾಗ.
ಎರಡು ಸಲ ಬ್ರೇಕ್ ಒತ್ತಿದರ ಸುಮ್ಮನಾಗತಿತ್ತು,
ಹಟ ಮಾಡೂ ಕೂಸು ಬೆಲ್ಲ ಕಂಡಂಗ.

ಆಮ್ಯಾಲ ಸಿಗ್ನಲ್ಲಿಗೊಮ್ಮೆ.
ಆಂಬೇಗಾಂವದ ಹಾಸ್ಟೆಲ್ ಹುಡುಗ್ಯಾರು
ಮೂರನೇ ಮಜಲಿಯಾಗ ಕುಂತ ತಿಳಕೋತಿದ್ರು,
ರೊಟ್ಟಿ ಮಾವಶಿ ಬಂದ್ಲು ಅಂತ.
ನಾ ಹಾರ್ನ್ ಹೊಡಿಯೂದು ಬಿಟ್ಟುಬಿಟ್ಟೆ.

ಹನ್ನೆರಡು ವರ್ಷದ ಹಳೇ ಎಸ್‌ಯುವಿ,
ಹಿಂದಿನ ಸೀಟು ತಗದು ಡಬ್ಬಿ ಹೇರತೀವಿ.
ಇವರು: 'ದೀಪಾವಳಿ ತನಕ ಓಡತೈತಿ ಬಿಡು.'
ಮೈದುನ ಪರಪ್ಪ: 'ಧೂಳ ಅದು. ನೀರು ಹೊಡಿ.'
ಮಗಳು ಫೋನ್ ನೋಡಿ ಹತ್ತು ಕಾರಣ ಓದಿದಳು,
ಹತ್ತೂ ನಮ್ಮ ಗಾಡಿಗೇ ಹೊಂದತಿದ್ದವು.

ಧಾಯರಿ ಫಾಟಾದ ಗ್ಯಾರೇಜಿನಾಗ ಕುದಳೆ
ಗಾಲಿ ಬಿಚ್ಚಿ, ಟಾರ್ಚ್ ಹಿಡದು ಕರದ.
ಪ್ಯಾಡಿನ ಮಗ್ಗಲಕ ಒಂದು ತಗಡಿನ ನಾಲಿಗಿ.
ಪ್ಯಾಡ್ ಸವದು ಮೂರು ಮಿಲಿಮೀಟರಿಗೆ ಬಂದ ದಿನ
ಚಕ್ರಕ್ಕ ತಾಗಿ ಒದರಬೇಕು,
ಅಷ್ಟ ಅದರ ನೌಕರಿ.

ನನಗ ನಗು ಬಂತು.
ಯಾವನೋ ಒಬ್ಬ ಎಂಜಿನಿಯರು
ತಕರಾರು ಮಾಡಾಕಂತನ ಒಂದು ನಾಲಿಗಿ ಮಾಡಿ
ಕಬ್ಬಿಣದ ನಡುವ ಇಟ್ಟು ಕಳಿಸ್ಯಾನ.
ನಮ್ಮ ಮನಿಯಾಗ ಆ ಕೆಲಸ ನಾ ಪುಕ್ಕಟ ಮಾಡತೀನಿ.

'ಪ್ಯಾಡ್ ಅಷ್ಟ ಸಾಕೋ, ಚಕ್ರಾನೂ ಬೇಕೋ?'
'ಉಗುರು ಎಳದು ನೋಡ್ರಿ ವೈನಿ' ಅಂದ.
ಗೆರಿ ಗೆರಿ. ಅಂಚಿಗೆ ತಾಟಿನ ಕಂಠದಂಥ ದಂಡಿ.
ಉಗುರು ಎರಡು ಕಡೆ ತಡದು ನಿಂತಿತು.
ಎರಡೂ ಕೂಡಿ ಹನ್ನೊಂದು ಸಾವಿರ.
ಎಷ್ಟು ರೊಟ್ಟಿ ಅಂತ ಲೆಕ್ಕ ಹಾಕಿ
ಮುಂದಿನ ವಾರ ಅಂದೆ.

ಮರುದಿನ ಚೀರೂದು ನಿಂತಿತು.
ಎರಡು ದಿನ, ಮೂರು ದಿನ, ಸಪ್ಪಳಿಲ್ಲ.
ಇವರು ಮೀಸಿ ತಿರುವಿದ್ರು: 'ನಾ ಹೇಳಲಿಲ್ಲೇನು?'
ನನಗ ಅವ್ವನ ಬೀಸುಕಲ್ಲು ನೆನಪಾತು.
ಹಲ್ಲು ಸವದ ಕಲ್ಲು ಗದ್ದಲ ಮಾಡೂದಿಲ್ಲ,
ನುಣ್ಣಗ ತಿರಗತೈತಿ, ಕೈಗೆ ಹಗುರ;
ಹಿಟ್ಟು ಮುಟ್ಟಿ ನೋಡಿದರ ನುಚ್ಚು.
ಅವ್ವ ಬಾಗಲದಾಗ ನಿಂತು
ಕಲ್ಲಿಗೆ ಉಳಿ ಹೊಡಿಯಾವನ ದಾರಿ ಕಾಯತಿದ್ಲು.

ನಾಕನೇ ದಿನ, ಹಳೇ ಘಾಟಿನ ಇಳುಕಲು.
ಹಿಂದ ಇನ್ನೂರಾ ನಲವತ್ತು ರೊಟ್ಟಿ, ಎರಡು ಕೊಳಗ ಪಲ್ಲೆ.
ತಿರುವಿನಾಗ ಒಬ್ಬ ಹುಡುಗ
ಸೈಕಲ್ಲಿನ ಚೈನು ಏರಸಕೋತ ರಸ್ತೆ ನಡುವ ಕುಂತಾನ.
ಒತ್ತಿದೆ.
ಪೆಡಲು ಚಳಿಜ್ವರ ಬಂದಂಗ ನಡುಗಿತು,
ಗರ್ ಅಂತು, ನಿಂತಿತು.
ಹುಡುಗ ತಲಿ ಎತ್ತಿ ನೋಡಿ ಮತ್ತ ಚೈನಿಗೆ ಹತ್ತಿದ.
ಇಳದು ನೋಡಿದೆ. ಒಂದು ಗೇಣು.
ಹೋದ ತಿಂಗಳಾದರ ಮೂರು ಇರತಿತ್ತೋ ಏನೋ,
ಹೋದ ತಿಂಗಳು ಯಾರು ಅಳದಿದ್ರು?

ಮೊದಲನೇ ಗೇರಿನಾಗ ಧಾಯರಿಗೆ ಹೋದೆ.
'ಎರಡೂ ಹಾಕು.'
ದೀಪಾವಳಿ ಇನ್ನ ಏಳು ವಾರ ಇತ್ತು.
ನಾಲಿಗಿ ಮುರದು ಬಿದ್ದಿತ್ತು, ಕುದಳೆ ತೋರಿಸಿದ.
ಮುನ್ನೂರು ಕಿಲೋಮೀಟರ್ ತನಕ ಗಟ್ಟಿ ಒತ್ತಬ್ಯಾಡ್ರಿ,
ಒಂದಕ್ಕೊಂದು ಹೊಂದಲಿ, ಅಂದ.
ಲಗ್ನ ಆದ ಹೊಸದಾಗ ನಮಗ್ಯಾರೂ ಹಿಂಗ ಹೇಳಲಿಲ್ಲ.

ಹಳೇ ಚಕ್ರ ಎರಡೂ ಮನಿಗೆ ತಂದೆ.
ಪುಣೆಕ್ಕ ಬಂದ ಮೊದಲನೇ ವಾರ
ಓಣ್ಯಾಗ 'ಭಂಗಾರ್, ಭಂಗಾರ್' ಅನ್ನೂ ಕೂಗು ಕೇಳಿ,
ಬಂಗಾರ ತಳ್ಳುಗಾಡಿ ಮ್ಯಾಲ ಮಾರೂ ಊರೇನಪ್ಪ ಇದು ಅಂತ
ಬರಿಗಾಲಲೆ ಓಡಿದ್ದೆ. ನೋಡಿದರ
ತುಕ್ಕು ಹಿಡದ ಕೊಡ, ಮುರಕ ಫ್ಯಾನು.
ಇವತ್ತ ಅದ ಕೂಗು. ತೂಗಿದ, ಕಿಲೋಕ್ಕ ಇಪ್ಪತ್ತೆಂಟು ಅಂದ,
ಮೂವತ್ತಕ್ಕ ಒಂದು ಕೊಟ್ಟೆ.
ಇನ್ನೊಂದು ಹಾಲಿನ ಪಾತೇಲಿ ಮುಚ್ಚಳದ ಮ್ಯಾಲ ಐತಿ,
ಬೆಕ್ಕಿಗೆ ಎತ್ತಾಕ ಆಗೂದಿಲ್ಲ.

ಹುಡುಗ್ಯಾರು ಈಗ ಕೆಳಗ ಇಳಿಯೂದು ತಡ.
ಗಾಡಿ ನಿಂತದ್ದ ಕೇಳಸೂದಿಲ್ಲ ಅಂತಾರ.
ಹಾರ್ನ್ ಹೊಡಿತೀನಿ.