ಬರಿಗೈ

ಆರಾಧನೆ ಮುಗಿದು ಲಿಂಗರಾಜಪುರದ ಬಿಸಿಲು
ವೆಸ್ಟ್ರಿಯ ಮೇಜಿಗೆ ಬಂದಾಗ
ನಾನೂ ಜ್ಞಾನಮಿತ್ರನೂ ಕಾಣಿಕೆ ಚೀಲ ಮಗುಚುತ್ತೇವೆ.

ಕಂಬಕ್ಕೆ ಕ್ಯೂಆರ್ ಅಂಟಿಸಿದ ಮೇಲೆ
ಚೀಲ ಹಗುರ, ಮೊತ್ತ ಭಾರ.
ವರದಿಯಲ್ಲಿ ಬರೆದಿದ್ದೆವು: ಸಭೆ ಆರೋಗ್ಯವಾಗಿದೆ.

ಇವತ್ತೊಂದು ಕವರು. ದುಡ್ಡಿಲ್ಲ.
ರಾಹೇಲಮ್ಮನ ಗುಂಡು ಅಕ್ಷರ:
‘ಗಾರ್ಮೆಂಟ್ಸ್ ಮುಚ್ಚಿ ಮೂರು ತಿಂಗಳು, ಅಯ್ಯಾ.
ವಾರವಾರವೂ ಬರಿಗೈ ಹಾಕಿದ್ದೇನೆ ಚೀಲಕ್ಕೆ.
ಅದನ್ನೂ ಲೆಕ್ಕಕ್ಕೆ ಹಿಡೀರಿ.’

ಯಾವ ಕಾಲಮ್ಮಿಗೆ?
ಜ್ಞಾನಮಿತ್ರ ಪೆನ್ನಿನ ಮುಚ್ಚಳ ಹಾಕಿದ.

ಅವಳ ಹಿಂದಿನ ಬೆಂಚೇ ನನ್ನದು.
ಒಂದು ತಿಂಗಳೂ ದಶಮಾಂಶ ತಪ್ಪಿಸಿದವನಲ್ಲ,
ಒಂದು ದಿನವೂ ಕೇಳಿದವನಲ್ಲ
ಊಟ ಆಯ್ತಾ ಅಂತ.

ಎಣಿಕೆ ಅರ್ಧಕ್ಕೇ ಬಿಟ್ಟು
ಚಪ್ಪಲಿ ಮೆಟ್ಟಿ ಗೇಟಿನವರೆಗೂ ಬಂದೆ.
ಅವಳ ಮನೆ
ಎಷ್ಟನೇ ಕ್ರಾಸೋ ಗೊತ್ತಿರಲಿಲ್ಲ.