ಉಳಿದ ಸದ್ದು

ನನ್ನ ಕೆಲಸ ಕೇಳುವುದು.
ಮೆಡೆಯಿನ್ ನಗರ ಸಂಬಳ ಕೊಟ್ಟು ಇಟ್ಟುಕೊಂಡ
ಒಂದು ಜೊತೆ ಕಿವಿ ನಾನು.
ಚೀಲದಲ್ಲಿ ಡೆಸಿಬೆಲ್ ಮಾಪಕ, ಅದರ ತಲೆಗೊಂದು ಕಪ್ಪು ಸ್ಪಂಜಿನ ಟೊಪ್ಪಿ,
ಗಾಳಿ ಬಂದು ಸುಳ್ಳುಸಾಕ್ಷಿ ಹೇಳಬಾರದೆಂದು.
ಜೊತೆಗೆ ವಿಲ್ಮಾರ್, ಹೊಸ ಪೊಲೀಸು,
ಮೆಟ್ಟಿಲು ಎಣಿಸುತ್ತ ಏದುಸಿರು ಬಿಡುತ್ತಾನೆ.
ಈ ಬೆಟ್ಟದ ಬಡಾವಣೆಗೆ ಹೊರಟ ರಸ್ತೆ ಅರ್ಧಕ್ಕೇ ಸುಸ್ತಾಗಿ ನಿಂತಿದೆ.
ಮುಂದೆಲ್ಲ ಮೆಟ್ಟಿಲು, ಮೆಟ್ಟಿಲ ಮೇಲೆ ಮನೆ, ಮನೆಯ ಮೇಲೆ ಮನೆ,
ಎಲ್ಲದರ ಮೇಲೆ ಸಂಗೀತ.

ದೂರು ಕೊಟ್ಟವನು ಎವೆಲಿಯೊ, ಬಸ್ಸಿನ ಡ್ರೈವರು.
ಹನ್ನೊಂದರಿಂದ ಒಂಬತ್ತು ಸಲ ಫೋನು ಮಾಡಿದ್ದಾನೆ,
ನಾವು ಬಂದು ಮುಟ್ಟಿದಾಗ ಒಂದೂವರೆ.
"ಗೋಡೆಗೂ ಕಿವಿ ಇರುತ್ತೆ ಅಂತಾರಲ್ಲ ಮೇಡಂ,
ಇದಕ್ಕೆ ಎದೆಯೂ ಇದೆ. ಮುಟ್ಟಿ ನೋಡಿ."
ಅಂಗೈ ಇಟ್ಟೆ. ಡವಡವ.
ಮಂಚದ ಕೆಳಗೆ ಪಾಲಿಷ್ ಹಚ್ಚಿಟ್ಟ ಬೂಟು,
ಕುರ್ಚಿಯ ಬೆನ್ನಿಗೆ ತೊಡಿಸಿದ ಸಮವಸ್ತ್ರ,
ನಾಲ್ಕು ಗಂಟೆಯ ಮೊದಲ ಬಸ್ಸಿಗೆ
ಅವನಿಗಿಂತ ಮುಂಚೆಯೇ ತಯಾರಾಗಿ ಕೂತಿತ್ತು.
ಲೋಟದ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು.

ಕಿಟಕಿ ತೆರೆದು ಅಳೆದೆ. ಎಪ್ಪತ್ತೆಂಟು.
ಒಂದೇ ಅಂಕಿ ಸಾಲದು ನನ್ನ ಫಾರಂಗೆ.
ಪಾರ್ಟಿ ಇರುವಾಗ ಎಷ್ಟು, ಪಾರ್ಟಿ ಇಲ್ಲದ ರಾತ್ರಿಗೆ ಎಷ್ಟು,
ಅದರಿಂದ ಇದನ್ನು ಕಳೆಯಬೇಕು.
ಕಾನೂನಿಗೆ ಐದು ನಿಮಿಷದ ಮೌನ ಬೇಕು.
ಅದನ್ನು ಕಡ ತರಲು ಮೇಲಿನ ಮನೆಗೆ ಹತ್ತಬೇಕು.

ಬಾಗಿಲು ತೆರೆದವಳು ದೋರಾ ನೆಲಿ. ಮಗಳಿಗೆ ಹದಿನೈದು ತುಂಬಿದ ರಾತ್ರಿ.
"ದಂಡವೇ? ಬರೆಯಿರಿ.
ಹದಿನಾಲ್ಕು ತಿಂಗಳು ಕಂಡವರ ಬಟ್ಟೆ ಇಸ್ತ್ರಿ ಮಾಡಿ ಕೊಂಡದ್ದು ಇದನ್ನ.
ಸ್ಪೀಕರು ಬಾಡಿಗೆಯದು, ಐದರವರೆಗೆ ದುಡ್ಡು ಕಟ್ಟಿದ್ದೇನೆ."
ಐದು ನಿಮಿಷ, ಎಂದೆ. ಅಳೆಯಲಿಕ್ಕೆ.
ಮೌನವನ್ನು ತೂಗಿಸಿಕೊಂಡು ಹೋಗಲು ಬಂದವಳೇ ಇವಳು
ಎನ್ನುವ ಹಾಗೆ ನೋಡಿದಳು.

ಆರಿಸಿದರು.

ತಾರಸಿಯಲ್ಲಿ ನಲವತ್ತು ಜನ ಲೋಟ ಹಿಡಿದು ನಿಂತರು,
ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ.
ಕೆಳಗೆ ಎವೆಲಿಯೊನ ಕಿಟಕಿಯಲ್ಲಿ ನಾನು, ಮಾಪಕ.
ಮೇಲಿಂದ ಒಂದು ನಗು ತಪ್ಪಿಸಿಕೊಂಡು ಹೊರಬಿತ್ತು,
ಯಾರೋ ಅದರ ಬಾಯಿ ಮುಚ್ಚಿದರು.
ನಾಯಿ. ನಲ್ಲಿ.
ಕಣಿವೆಯ ತಳದಲ್ಲಿ ಲಾರಿಯೊಂದು ಗೇರು ಬದಲಿಸಿದ್ದು.
ಫ್ರಿಜ್ಜು ಮೈ ಕೊಡವಿ ಸುಮ್ಮನಾದದ್ದು.
ಹುಡುಗಿಯ ಹೊಸ ಹಿಮ್ಮಡಿ ಟಕ್, ಟಕ್, ನಿಂತಲ್ಲಿ ನಿಲ್ಲಲಾರದೆ.
ನಲವತ್ತಾರು. ನಲವತ್ತೈದು.
ಮೂರನೆಯ ನಿಮಿಷಕ್ಕೆ ಅಂಕಿ ಏರತೊಡಗಿತು,
ಐವತ್ತು, ಐವತ್ತೆಂಟು.
ಯಾರು ಮಾತು ತಪ್ಪಿದರೆಂದು ಹುಬ್ಬು ಗಂಟಿಕ್ಕಿ ಸುತ್ತ ನೋಡಿದೆ.

ಎವೆಲಿಯೊ. ಕೂತಲ್ಲೇ, ಬಾಯಿ ತೆರೆದು,
ಗೊರಕೆ.

ನಿಯಮದ ಪ್ರಕಾರ ಎಬ್ಬಿಸಬೇಕು.
ವಿಲ್ಮಾರ್ ಕೈ ಚಾಚಿದ, ನಾನು ಬೇಡವೆಂದು ತಲೆಯಾಡಿಸಿದೆ.
ಐದು ಏಳಾಯಿತು, ಏಳು ಹತ್ತಾಯಿತು.
"ಮುಗಿಯಿತೇ ಸೆನ್ಯೋರಾ?" ತಾರಸಿಯಿಂದ ಪಿಸುದನಿ.
ಇನ್ನೂ ಇಲ್ಲ, ಎಂದು ಕೈಸನ್ನೆ ಮಾಡಿದೆ.
ಹನ್ನೊಂದಕ್ಕೆ ಅವರ ತಾಳ್ಮೆ ಕಡಿಯಿತು.
ಅರ್ಧ ಗುಂಡಿ ತಗ್ಗಿಸಿ ಹಚ್ಚಿದರು,
ನಾವು ಬೀದಿ ತಿರುಗುವಷ್ಟರಲ್ಲಿ ಆ ಅರ್ಧವೂ ಮರಳಿ ಬಂತು.

ಅಳತೆ ಅಸಿಂಧು, ಎಂದು ಬರೆದೆ.
ಕಾರಣ ಬರೆಯುವ ಖಾನೆ ಎರಡು ಬೆರಳು ಅಗಲ.

ನಾಲ್ಕಕ್ಕೆ ಪಾಳಿ ಮುಗಿಸಿ ಮೊದಲ ಬಸ್ಸು ಹತ್ತಿದೆ.
ಬೂಟು ಮಿಂಚುತ್ತಿತ್ತು, ಕಣ್ಣು ಕೆಂಡ.
ರೆಪ್ಪೆ ಕೂಡದಿರಲೆಂದು ರೇಡಿಯೋ ಪೂರ್ತಿ ಏರಿಸಿದ್ದ ಎವೆಲಿಯೊ.
ಕಿಟಕಿಯ ಗಾಜುಗಳು ಹಲ್ಲು ಕಡಿಯುತ್ತಿದ್ದವು.
ಪಕ್ಕದ ಸೀಟಿನ ನರ್ಸು ಕಿವಿಗೆ ಶಾಲು ಸುತ್ತಿಕೊಂಡು
ನನ್ನನ್ನು ನೋಡಿದಳು,
ಕೊರಳಲ್ಲಿ ತೂಗುತ್ತಿದ್ದ ಇಲಾಖೆಯ ಗುರುತುಚೀಟಿಯನ್ನೂ.

ಅದನ್ನು ಮೆಲ್ಲಗೆ ಮಗುಚಿ ಹಾಕಿಕೊಂಡೆ.