ಬಲೆ ಇಳಿಸಿದ ರಾತ್ರಿ

ಹಾಗಲ್ಲ. ಕೊಡಲಿ ಹಿಡಿದ ಹಾಗೆ ಹಿಡಿಯಬೇಡಿ, ಕುವಾಬಾರಾ ಸಾನ್,
ಸೌದೆ ಸೀಳಲಿಕ್ಕೆ ಬಂದವರಲ್ಲ ನೀವು.
ನನ್ನಮ್ಮ ಚಿಚಿಬುವಿನ ರೇಷ್ಮೆ ಕಾರ್ಖಾನೆಯಲ್ಲಿ
ಕುದಿನೀರೊಳಗಿಂದ ಗೂಡಿನ ಎಳೆ ಎತ್ತುತ್ತಿದ್ದಳು.
ಬಿಗಿದರೆ ಹರಿಯುತ್ತದೆ, ಬಿಟ್ಟರೆ ಮುಳುಗುತ್ತದೆ.
ಅಷ್ಟೇ ಹಿಡಿತ. ಮಿಕ್ಕದ್ದೆಲ್ಲ
ಕೋಲು ಮಾರುವವರ ಪುರಾಣ.

ಹೊಡೆಯಿರಿ.
ಹೂಂ. ಬಲಕ್ಕೆ ಹೋಯಿತು. ಇರಲಿ, ಇನ್ನೊಂದು.

ಹದಿನೆಂಟಕ್ಕೆ ಅರಕಾವಾ ನದಿ ದಂಡೆಯ ಮೈದಾನದಲ್ಲಿ
ಕ್ಯಾಡಿಯಾಗಿ ಸೇರಿದೆ. ತಲೆಗೆ ಬಿಳಿ ಬಟ್ಟೆ,
ಒಂದೊಂದು ಹೆಗಲಿಗೆ ಒಂದೊಂದು ಚೀಲ.
ಸಿಮೆಂಟು ಕಂಪನಿಯ ದೊಡ್ಡವರು ಚೆಂಡು ನೀರಿಗೆ ಕೆಡವಿ
ನನ್ನ ಮುಖ ನೋಡುತ್ತಿದ್ದರು,
ಗಾಳಿ ನನ್ನ ಸೆರಗಿನ ಗಂಟಿನಿಂದ ಬಿಚ್ಚಿಕೊಂಡಿತೋ ಎಂಬಂತೆ.
'ಕ್ಷಮಿಸಿ' ಅನ್ನುತ್ತಿದ್ದೆ. ದಿನಕ್ಕೆ ನಲವತ್ತು ಸಲ.
ಅವರಲ್ಲೊಬ್ಬ ಸಿಟ್ಟಿಗೆ ಬಗ್ಗಿಸಿ ಎಸೆದ ಏಳನೇ ನಂಬರಿನ ಕೋಲನ್ನು
ಮೊಣಕಾಲಿಗೆ ಒತ್ತಿ ನೇರ ಮಾಡಿದೆ.
ಪೂರ್ತಿ ಆಗಲಿಲ್ಲ.
ಸಂಜೆ, ಸ್ನಾನದ ಮನೆಯಿಂದ ಗಂಡಸರ ನಗು ಉಗಿಯಾಗಿ ಏಳುವಾಗ
ಹುಲ್ಲು ಕಪ್ಪಾಗುವ ತನಕ
ಆ ಸೊಟ್ಟ ಕೋಲಲ್ಲಿ ನೆಟ್ಟಗೆ ಹೊಡೆಯುವುದು ಕಲಿತೆ.
ಮುಂದೆ ನೆಟ್ಟಗಿನ ಕೋಲು ಕೈಗೆ ಬಂದಾಗ
ಆರು ತಿಂಗಳು ಎಡಕ್ಕೇ ಹೊಡೆದೆ.

ಮೂರನೇ ಸಲಕ್ಕೆ ಪ್ರೊ ಪರೀಕ್ಷೆ ಪಾಸು. ಆಗ ಇಪ್ಪತ್ತೇಳು.
ಅಪ್ಪ ಕೇಳಿದ: ಚೆಂಡಿನ ಹಿಂದೆ ನಡೆದರೆ ದುಡ್ಡು ಕೊಡುತ್ತಾರಾ?
ಕೊಡುತ್ತಾರೆ, ಬೇರೆಯವರಿಗಿಂತ ಕಡಿಮೆ ಸಲ ಹೊಡೆದರೆ.
ಕಡಿಮೆ ಕೆಲಸಕ್ಕೆ ಹೆಚ್ಚು ಕೂಲಿ!
ಅವತ್ತಿನಿಂದ ಅಪ್ಪ ನನ್ನನ್ನು ನಂಬುವುದು ಬಿಟ್ಟ.

ಹನ್ನೊಂದು ವರ್ಷ. ರಾತ್ರಿ ರೈಲು, ಅಗ್ಗದ ಕೋಣೆ,
ಒದ್ದೆ ಶೂಗಳಿಗೆ ತುರುಕಿದ ಹಳೇ ಪತ್ರಿಕೆ,
ಪತ್ರಿಕೆಯಲ್ಲಿ ಗೆದ್ದವಳ ಫೋಟೊ.
ನಾನು? ಒಮ್ಮೆ ಎರಡನೆಯವಳು. ಅದೂ ಮಳೆ ಬಂದು
ಕೊನೇ ದಿನದ ಆಟ ನಿಂತದ್ದರಿಂದ.

ಮಿಯಾಜಾಕಿಯಲ್ಲಿ, ಕಡಲ ಗಾಳಿಗೆ ಪೈನ್ ಮರಗಳೆಲ್ಲ ಒಂದೇ ಕಡೆ ವಾಲಿದ್ದ ದಿನ
ಒಂದೇ ಏಟಿಗೆ ಚೆಂಡು ಗುಳಿ ಸೇರಿತು.
ನೋಡಲಿಲ್ಲ. ಮರಳು ಬಿದ್ದಿತ್ತು ಕಣ್ಣಿಗೆ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗಾಯ್ತು.
ನಮ್ಮ ಪದ್ಧತಿ ನಿಮಗೆ ಗೊತ್ತಲ್ಲ,
ಅದೃಷ್ಟ ಯಾರದೋ ಅವರೇ ಎಲ್ಲರಿಗೂ ಉಡುಗೊರೆ ಕೊಡಬೇಕು.
ನೂರ ಹನ್ನೆರಡು ಟವೆಲು, ಅಂಚಿಗೆ ಕಸೂತಿ: ಶಿಗೆನೊ.
ಅದೇ ಸಂಜೆ ಒಂದೇ ಏಟು ಹೆಚ್ಚಾಗಿ ಹೊರಬಿದ್ದೆ.
ಮರುದಿನ ಉಳಿದವರು ಆಡುವಾಗ
ನಾನು ಟವೆಲಂಗಡಿಯಲ್ಲಿ ಸಾಲದ ಚೀಟಿಗೆ ಮುದ್ರೆ ಒತ್ತುತ್ತಿದ್ದೆ.

ಹೊಡೆಯಿರಿ ನೀವು. ಕತೆ ಕೇಳಿದರೆ ಬುಟ್ಟಿ ಖಾಲಿಯಾಗುವುದಿಲ್ಲ.

ಮೂವತ್ತೆಂಟಕ್ಕೆ ನಡುಕ ಬಂತು.
ಎರಡಡಿ ದೂರದ ಗುಳಿ, ಮಗುವೂ ತಳ್ಳೀತು,
ತೋರುಬೆರಳು ಗಾಳಕ್ಕೆ ಸಿಕ್ಕ ಮೀನಿನ ಹಾಗೆ ಜಗ್ಗುವುದು.
ಡಾಕ್ಟರು ಏನೂ ಇಲ್ಲ ಎಂದರು.
ಆ ಏನೂ ಇಲ್ಲದ್ದೇ ನನ್ನನ್ನು ಮನೆಗೆ ಕಳಿಸಿತು.
ಅಮ್ಮ ನನ್ನ ಬೆರಳನ್ನು
ಬಿಸಿನೀರಿಗೆ ಗೆರೆ ಅಳಿಸಿಹೋದ ತನ್ನ ಬೆರಳುಗಳಲ್ಲಿ ಹಿಡಿದು ಕೂತಳು.
ಏನೂ ಹೇಳಲಿಲ್ಲ. ನಡುಕ ನಿಲ್ಲಲೂ ಇಲ್ಲ.

ಆಮೇಲೆ ಇಲ್ಲಿ. ಕವಾಗುಚಿಯ ಎರಕದ ಕುಲುಮೆಗಳ ಹಿಂದೆ
ಈ ಹಸಿರು ಪಂಜರ. ಮೂವತ್ತಮೂರು ವರ್ಷ.
ಎಷ್ಟೇ ಹೊಡೆಯಿರಿ, ಬಲೆ ತಡೆಯುತ್ತದೆ.
ಚೆಂಡು ಎಲ್ಲಿಗೆ ಹೋಗುತ್ತಿತ್ತು ಎಂಬುದು ಊಹೆ, ಅದಕ್ಕೇ ನನ್ನ ಫೀಸು.

ಹೋದ ವರ್ಷ ತೂಫಾನಿನ ಹಿಂದಿನ ರಾತ್ರಿ ಬಲೆ ಇಳಿಸಿದ್ದರು.
ಬೋಳು ಕಂಬ. ಓಡುವ ಮೋಡ.
ಮ್ಯಾನೇಜರು ಕಿಟಕಿಗೆ ಟೇಪು ಅಂಟಿಸುತ್ತಿದ್ದರು, ಬೆನ್ನು ಈ ಕಡೆ.
ಆ ಸೊಟ್ಟ ಕೋಲು ತೆಗೆದೆ.
ನದಿಯ ಕಡೆಗೆ, ಒಂದು.
ಕತ್ತಲೊಳಕ್ಕೆ ಹೋಯಿತು. ಬಿದ್ದ ಸದ್ದು ಬರಲಿಲ್ಲ.

ಬೆಳಿಗ್ಗೆ ಚೆಂಡು ಎಣಿಸುವ ಹುಡುಗ ಒಂದು ಕಡಿಮೆ ಎಂದ.
ಗಾಳಿ ಒಯ್ದಿರಬೇಕು, ಅಂದೆ.

ನಿಮ್ಮ ಭುಜ ಮತ್ತೆ ಬಿಗಿಯಾಯಿತು, ಕುವಾಬಾರಾ ಸಾನ್.